ಅಕ್ಕಿ ಇರಲಿಲ್ಲ, ಇಡ್ಲಿ ನಿಲ್ಲಲಿಲ್ಲ

ಬೆಳಗ್ಗೆ ಎಂಟೂವರೆ. ಮೂಡಲಪಾಳ್ಯದ ಒಂದು ದರ್ಶಿನಿ. ನಾಲ್ಕು ಜನ ನಿಲ್ಲೋ ಟೇಬಲ್ಲಿಗೆ ಆರು ಜನ ನಿಂತಿದ್ವಿ. ಏಳನೆಯವರೊಬ್ಬರು ತಟ್ಟೆ ಹಿಡಿದು ಬಂದು, "ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ" ಅಂದ್ರು. ಎಲ್ಲರೂ ಒಂದಿಷ್ಟು ಸರಿದ್ವಿ, ಜಾಗ ಆಯ್ತು. ಅವರ ತಟ್ಟೆಯಲ್ಲಿದ್ದದ್ದು ರವೆ ಇಡ್ಲಿ. ವೀಕ್ಷಕರೇ, ಆ ಇಡ್ಲಿ ಹುಟ್ಟಿದ್ದೇ ಅಡ್ಜಸ್ಟ್ ಮಾಡಿಕೊಂಡಿದ್ದರಿಂದ. ಇವತ್ತು ಅದರ ಕತೆ.

1924ರಲ್ಲಿ ಉಡುಪಿ ಕಡೆಯ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಒಂದು ಸಣ್ಣ ಹೋಟೆಲ್ ಶುರು ಮಾಡಿದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ನಮ್ಮೆಲ್ಲರ ಬಾಯಲ್ಲಿ ಎಂಟಿಆರ್ ಆಯಿತು. ಆಮೇಲೆ ಎರಡನೇ ಮಹಾಯುದ್ಧ ಬಂತು. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿಗಳ ವಶವಾಯಿತು. ಭಾರತಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತುಹೋಯಿತು. ಎಲ್ಲೋ ನಡೆದ ಯುದ್ಧ, ನೋಡಿ, ಬೆಂಗಳೂರಿನ ಅಡುಗೆಮನೆಗೇ ಬಂದು ಕೂತಿತು.

ಅಕ್ಕಿ ಇಲ್ಲದೆ ಇಡ್ಲಿ ಹೇಗೆ? "ಇವತ್ತು ಇಡ್ಲಿ ಇಲ್ಲ" ಅಂತ ಬೋರ್ಡ್ ಹಾಕಬಹುದಿತ್ತು. ಎಂಟಿಆರ್‌ನವರು ಹೇಳಿಕೊಂಡು ಬಂದಿರುವ ಪ್ರಕಾರ, ಅವರ ಅಡುಗೆಮನೆಯಲ್ಲಿ ಅಕ್ಕಿಯ ಬದಲು ರವೆಯಿಂದ ಇಡ್ಲಿ ಮಾಡಿ ನೋಡಿದ್ದು ಆಗಲೇ. ಹುರಿದ ರವೆ, ಮೊಸರು, ಸೋಡಾ, ಮೇಲೊಂದು ಒಗ್ಗರಣೆ. ರಾತ್ರಿ ನೆನೆಹಾಕಿ, ರುಬ್ಬಿ, ಹುಳಿ ಬರಿಸುವ ಕೆಲಸವೇ ಇಲ್ಲ. ಯುದ್ಧ ಮುಗಿಯಿತು, ಅಕ್ಕಿ ವಾಪಸ್ ಬಂತು. ರವೆ ಇಡ್ಲಿ ಮಾತ್ರ ಹೋಗಲಿಲ್ಲ!

ಕತೆಯ ಎರಡನೇ ಭಾಗ ಇನ್ನೂ ಮುಖ್ಯ. 1975, ತುರ್ತು ಪರಿಸ್ಥಿತಿ. ಹೋಟೆಲ್ ತಿಂಡಿಗೆ ಸರ್ಕಾರ ತೀರಾ ಕಡಿಮೆ ದರ ನಿಗದಿ ಮಾಡಿತು. ಆ ದರಕ್ಕೆ ಒಳ್ಳೆ ತುಪ್ಪ, ಒಳ್ಳೆ ಕಾಫಿಪುಡಿ ಹಾಕಿದರೆ ನಷ್ಟ ಗ್ಯಾರಂಟಿ. ಕಳಪೆ ಸಾಮಾನು ಹಾಕಿದ್ದರೆ ಹೋಟೆಲ್ ನಡೆಯುತ್ತಿತ್ತು. ಅವರು ಅದನ್ನು ಒಪ್ಪಲಿಲ್ಲ, ಹೋಟೆಲ್ಲನ್ನೇ ಮುಚ್ಚಿದರು. ಆದರೆ ಕೈಕಟ್ಟಿ ಕೂರಲಿಲ್ಲ. ರವೆ ಇಡ್ಲಿ ಮಿಕ್ಸ್, ಮಸಾಲೆಪುಡಿಗಳನ್ನು ಪ್ಯಾಕೆಟ್ ಮಾಡಿ ಮಾರಿದರು, ಕೆಲಸಗಾರರಿಗೂ ಕೆಲಸ ಉಳಿಯಿತು. ಹೋಟೆಲ್ ಮತ್ತೆ ತೆರೆದದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಪ್ಯಾಕೆಟ್ ವ್ಯಾಪಾರವೇ ದೊಡ್ಡದಾಗಿ ಬೆಳೆದಿತ್ತು.

ಅಂದರೆ ಅವರು ಅಕ್ಕಿ ಬಿಟ್ಟರು, ಹೋಟೆಲ್ ಬಾಗಿಲು ಹಾಕಿದರು, ವ್ಯಾಪಾರದ ರೀತಿಯನ್ನೇ ಬದಲಿಸಿದರು. ಗಿರಾಕಿಯ ತಟ್ಟೆಗೆ ಬೀಳುವ ಪದಾರ್ಥದ ಗುಣವನ್ನು ಮಾತ್ರ ಬಿಡಲಿಲ್ಲ. ನಾನು ಇಂಜಿನಿಯರಿಂಗ್ ಓದುವಾಗ ವರ್ಕ್‌ಶಾಪ್‌ನಲ್ಲಿ ಟಾಲರೆನ್ಸ್ ಅಂತ ಕಲಿಸಿದ್ದರು. ಯಂತ್ರದ ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರಬಹುದು, ಆದರೆ ಅದಕ್ಕೂ ಒಂದು ಮಿತಿ ಇದೆ. ಮಿತಿ ದಾಟಿದರೆ ಅದು ಗುಜರಿಗೆ.

ತಿಂಡಿ ಮುಗಿಸಿ ಹೊರಗೆ ಬಂದೆ. ಫುಟ್‌ಪಾತ್ ತುಂಬ ಸ್ಕೂಟರು. ವಯಸ್ಸಾದ ಒಬ್ಬ ಅಜ್ಜಿ ಬಸ್ಸುಗಳ ಪಕ್ಕದಲ್ಲೇ ರಸ್ತೆಗಿಳಿದು ನಡೆಯುತ್ತಿದ್ದರು. ಗಾಡಿಯವನನ್ನು ಕೇಳಿದ್ರೆ ಅದೇ ಮಾತು: "ಐದು ನಿಮಿಷ, ಅಡ್ಜಸ್ಟ್ ಮಾಡ್ಕೊಳಿ ಸಾರ್."

ಒಳಗೆ ಟೇಬಲ್ಲಿನಲ್ಲಿ ನಾವು ಸರಿದದ್ದು ಹೊಂದಾಣಿಕೆ. ಹೊರಗೆ ಅಜ್ಜಿ ರಸ್ತೆಗಿಳಿದದ್ದು ಹೊಂದಾಣಿಕೆ ಅಲ್ಲ, ಅವರ ಮೇಲೆ ಹೇರಿದ ಅಪಾಯ. ನಾವು ಬಿಟ್ಟುಕೊಡೋದು ನಮ್ಮ ಜಾಗವನ್ನೋ, ಇನ್ನೊಬ್ಬರದನ್ನೋ? ಮುಂದಿನ ಸಲ "ಸ್ವಲ್ಪ ಅಡ್ಜಸ್ಟ್ ಮಾಡಿ" ಅನ್ನೋ ಮೊದಲು ಇಷ್ಟು ಕೇಳಿಕೊಳ್ಳೋಣ.