ಹೊಸಬರಾ, ಹಳಬರಾ? ಕುಕಿಯ ಕಥೆ (ನಮ್ಮ ಏರಿಯಾ ಹಿಸ್ಟರಿ, ಭಾಗ 4)

ಫೋಟೋದಲ್ಲಿರೋದು ಔಟರ್ ರಿಂಗ್ ರೋಡಿನ ಕಾಡುಬೀಸನಹಳ್ಳಿ. 500-ಡಿ ಬಸ್ಸಲ್ಲಿ ಟ್ರಾಫಿಕ್‌ಗೆ ಸಿಕ್ಕಿಕೊಂಡು ನೀವೆಲ್ಲ ನೋಡಿರ್ತೀರ. ಇಲ್ಲಿನ ಒಂದು ಕಂಪನಿ 2016ರಲ್ಲಿ ಅಮೆರಿಕ ಸರ್ಕಾರಕ್ಕೆ ದಂಡ ಕಟ್ಟೋ ಹಾಗಾಯ್ತು. ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಮೊದಲು ಕುಕಿ ಕಥೆ ಕೇಳಿ.

1994. ಆಗ ವೆಬ್‌ಸೈಟಿಗೆ ನೆನಪಿನ ಶಕ್ತಿನೇ ಇರಲಿಲ್ಲ. ಒಂದು ಪೇಜ್ ಬಿಟ್ಟು ಇನ್ನೊಂದಕ್ಕೆ ಹೋದ್ರೆ ನೀವು ಮತ್ತೆ ಹೊಸಬರು. ಹೀಗಿದ್ರೆ ಆನ್‌ಲೈನ್ ಅಂಗಡಿ ನಡೆಸೋದು ಹೇಗೆ? ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಒಂದು ಉಪಾಯ ಹುಡುಕಿದರು. ಸೈಟ್ ನಿಮ್ಮ ಬ್ರೌಸರ್ ಕೈಗೆ ಒಂದು ಚೀಟಿ ಕೊಡುತ್ತೆ, ಮುಂದಿನ ಸಲ ಹೋದಾಗ ಬ್ರೌಸರ್ ಅದನ್ನ ವಾಪಸ್ ತೋರಿಸುತ್ತೆ. ಆ ಚೀಟಿನೇ ಕುಕಿ.

ಎಲ್ಲರೂ ಶಾಪಿಂಗ್ ಕಾರ್ಟ್ ಕಥೆ ಹೇಳಿ ನಿಲ್ಲಿಸ್ತಾರೆ. ಆದ್ರೆ ಕುಕಿಯನ್ನ ಮೊದಲು ಬಳಸಿದ್ದು ಬೇರೆ ಕೆಲಸಕ್ಕೆ: ನೆಟ್‌ಸ್ಕೇಪ್ ಸೈಟಿಗೆ ಬಂದವರು ಹೊಸಬರಾ, ಹಳಬರಾ ಅಂತ ನೋಡೋಕೆ. ಅಂದ್ರೆ ಗುರುತು ಹಿಡಿಯೋದು ಆಮೇಲೆ ಕಲಿತ ಚಟ ಅಲ್ಲ, ಹುಟ್ಟುಗುಣ. ಬ್ರೌಸರ್ ಬಳಸೋ ಜನಕ್ಕೆ ಯಾರೂ ಹೇಳಲೇ ಇಲ್ಲ. 1996ರಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆ ಗಲಾಟೆ ಶುರುವಾಯ್ತು.

2005ರಲ್ಲಿ ಗೂಗಲ್, ಅರ್ಚಿನ್ ಅನ್ನೋ ಕಂಪನಿಯನ್ನ ಕೊಂಡು, ಅದೇ ನವೆಂಬರ್‌ನಲ್ಲಿ ಗೂಗಲ್ ಅನಲಿಟಿಕ್ಸ್ ಅನ್ನ ಫ್ರೀಯಾಗಿ ಕೊಟ್ಟಿತು. ಚಿಕ್ಕಪುಟ್ಟ ಸೈಟಿನವರೂ ಬಂದವರನ್ನ ಎಣಿಸೋಕೆ ಶುರುಮಾಡಿದ್ರು. ಅದರ ಈಗಿನ ಕುಕಿಯಲ್ಲಿ ನಿಮ್ಮ ಹೆಸರಿರಲ್ಲ. ಮನಸ್ಸಿಗೆ ಬಂದಂತೆ ಹುಟ್ಟಿಸಿದ ಒಂದು ನಂಬರ್, ನೀವು ಮೊದಲ ಸಲ ಬಂದ ಹೊತ್ತು, ಅಷ್ಟೇ. ಬಿಕಾಂ ಭಾಷೆಲಿ ಹೇಳೋದಾದ್ರೆ ಲೆಡ್ಜರ್ ಫೋಲಿಯೋ.

ಹೆಸರಿಲ್ಲ ಅಂದ್ಮೇಲೆ ಏನು ತೊಂದ್ರೆ ಅಂತೀರಾ? ಪಿಜಿ ಪಕ್ಕದ ಅಂಗಡಿಯವರ ಸಾಲದ ಪುಸ್ತಕ ನೋಡಿ. "ನೀಲಿ ಗೇಟ್, 3ನೇ ಮಹಡಿ, ಕನ್ನಡಕ" ಅಂತ ಬರೆದಿರ್ತಾರೆ. ಹೆಸರು ಗೊತ್ತಿಲ್ಲ, ಆದ್ರೂ ಸಾಲ ಯಾರದು ಅಂತ ಚೆನ್ನಾಗಿ ಗೊತ್ತು!

ಹಾಗಂತ ಕುಕಿ ಲೆಕ್ಕ ಪಕ್ಕಾ ಏನಲ್ಲ. ಕಾಲೇಜ್ ಲ್ಯಾಬಲ್ಲಿ ಒಂದೇ ಬ್ರೌಸರನ್ನ ಹತ್ತು ಜನ ಬಳಸಿದ್ರೂ ಅದಕ್ಕೆ ಒಬ್ಬರೇ. ನೀವೊಬ್ಬರೇ ಫೋನಲ್ಲಿ ಒಮ್ಮೆ, ಲ್ಯಾಪ್‌ಟಾಪಲ್ಲಿ ಒಮ್ಮೆ ನೋಡಿದ್ರೆ ಇಬ್ಬರು. ಅಳಿಸಿಬಿಟ್ರೆ ಮತ್ತೆ ಹೊಸಬರು.

ಈಗ ಕಾಡುಬೀಸನಹಳ್ಳಿಗೆ ಬನ್ನಿ. ಸ್ಮಾರ್ಟ್‌ಫೋನ್ ಬಂದ್ಮೇಲೆ ಆಟ ಬ್ರೌಸರಿಂದ ಆ್ಯಪ್ ಒಳಗೆ ಶಿಫ್ಟ್ ಆಯ್ತು. ನಮ್ಮ ಇನ್‌ಮೊಬಿ ಆ್ಯಪ್‌ಗಳಿಗೆ ಜಾಹೀರಾತು ಕೊಡೋ ಕಂಪನಿ. "ಲೊಕೇಶನ್ ಕೊಡಲ್ಲ" ಅಂತ ಒತ್ತಿದವರನ್ನೂ ಸುತ್ತಮುತ್ತಲಿನ ವೈಫೈ ಸಿಗ್ನಲ್ ನೋಡಿಕೊಂಡು ಎಲ್ಲಿದ್ದಾರೆ ಅಂತ ಪತ್ತೆ ಮಾಡ್ತಿತ್ತು, ಮಕ್ಕಳ ಆ್ಯಪ್‌ಗಳಲ್ಲೂ ಹೀಗೇ ಆಗಿತ್ತು ಅನ್ನೋದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ. 2016ರ ಜೂನ್‌ನಲ್ಲಿ ರಾಜಿ ಆಯ್ತು. 40 ಲಕ್ಷ ಡಾಲರ್ ದಂಡ, ಕಂಪನಿಯ ಹಣಕಾಸು ಸ್ಥಿತಿ ನೋಡಿ 9.5 ಲಕ್ಷ ಡಾಲರಿಗೆ ಇಳಿಸಿದ್ರು.

ಕುಕಿಯನ್ನಾದ್ರೆ ಅಳಿಸಬಹುದು. ಪಕ್ಕದ ಮನೆ ವೈಫೈಯನ್ನ ನೀವು ಹೇಗೆ ಅಳಿಸ್ತೀರ?

ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದ್ದು 2023ರಲ್ಲಿ. ಅದರ ಪ್ರಕಾರ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳೋಕೂ ಆಗಬೇಕು. "ಆಕ್ಸೆಪ್ಟ್ ಆಲ್" ದೊಡ್ಡದಾಗಿ ಮುಂದೆ, "ಬೇಡ" ಮಾತ್ರ ಮೂರು ಪೇಜ್ ಒಳಗೆ ಇಟ್ಟಿರೋ ಸೈಟ್ ಯಾವುದಾದ್ರೂ ಕಂಡ್ರೆ ಸ್ಕ್ರೀನ್‌ಶಾಟ್ ಕಳಿಸಿ, ಭಾಗ 5ರಲ್ಲಿ ಹಾಕ್ತೀನಿ.