ಶಿಶುಶಾಲೆಯೂ ಸ್ತ್ರೀಸಮಾಜವೂ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನಲ್ಲಿರುವ ಮುಗಳಖೋಡದಂತಹ ಊರುಗಳಲ್ಲಿ ತಾಯಿಯು ಹೊಲಕ್ಕೆ ಹೋದಾಗ ಕೂಸನ್ನು ನೋಡುವವರಾರೆಂಬುದು ಹಳೆಯ ಪ್ರಶ್ನೆ. ಈಗ ಅದಕ್ಕೆ ಅಂಗನವಾಡಿಯು ಉತ್ತರವಾಗಿದೆ. ಅದರ ಬೆನ್ನಿಗೇ ಸ್ತ್ರೀಯರ ಸಂಘಗಳೂ ಹುಟ್ಟಿಕೊಂಡಿವೆ. ಇವೆರಡರ ಕೂಟವು ಆಕಸ್ಮಿಕವಾದುದಲ್ಲ. ಇದರ ಪೂರ್ವೇತಿಹಾಸದಲ್ಲಿ ಕ್ರೈಸ್ತಸಭೆಗಳ ಪಾಲೂ, ಕನ್ನಡನಾಡಿನಲ್ಲಿ ಜನಿಸಿದ ಓರ್ವ ವಿದುಷಿಯ ಪಾಲೂ ಇರುವುದು.

ಲಂಡನ್ ಮಿಶನ್ನಿನವರು ಬೆಳಗಾವಿಯಲ್ಲಿ ಕಾರ್ಯವನ್ನಾರಂಭಿಸಿದುದು 1820ರಲ್ಲಿ. 1904ರಲ್ಲಿ ಅದನ್ನು ಮೆಥೊಡಿಸ್ಟ್ ಸಭೆಯವರು ವಹಿಸಿಕೊಂಡರು. ಧರ್ಮಪ್ರಚಾರದೊಡನೆ ಶಾಲೆಗಳನ್ನು ನಡೆಯಿಸುವುದು ಮಿಶನ್ನುಗಳ ಪದ್ಧತಿಯಾಗಿದ್ದಿತು. ಆದರೆ ಅಕ್ಷರಾಭ್ಯಾಸಕ್ಕಿಂತ ಮೊದಲಿನ ವಯಸ್ಸಿಗೂ ಒಂದು ಶಿಕ್ಷಣವುಂಟೆಂಬ ವಿಚಾರವು ಹೊಸದು. ಜರ್ಮನಿಯ ಫ್ರೋಬೆಲ್ ಎಂಬವರು 1837ರಲ್ಲಿ ಇಂತಹ ಶಾಲೆಯನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟವೆಂದು ಹೆಸರಿಟ್ಟರು. ಚೆಂಡು, ಮರದ ಘನಗಳು, ಹಾಡು, ಕೈಗೆಲಸ ಇವೇ ಅಲ್ಲಿಯ ಪಾಠಸಾಮಗ್ರಿ.

ಈ ಪದ್ಧತಿಯನ್ನು ನಮ್ಮ ದೇಶಕ್ಕೆ ತಂದವರಲ್ಲಿ ಪಂಡಿತಾ ರಮಾಬಾಯಿಯವರು ಅಗ್ರಗಣ್ಯರು. ಅವರು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿಗಳು ಪತ್ನಿಗೆ ಸಂಸ್ಕೃತವನ್ನು ಕಲಿಸಿ, ಅದಕ್ಕಾಗಿ ಪಂಡಿತರ ಆಕ್ಷೇಪಕ್ಕೆ ಗುರಿಯಾದವರು. ಆ ತಾಯಿಯೇ ಮಗಳಿಗೆ ಗುರುವಾದಳು. ತಾಯಿಗೆ ದೊರೆತ ವಿದ್ಯೆಯು ಮಗುವಿಗೆ ಸಲ್ಲುವುದೆಂಬುದನ್ನು ರಮಾಬಾಯಿಯವರು ತಮ್ಮ ಮನೆಯಲ್ಲಿಯೇ ಕಂಡಿದ್ದರು.

ಅವರು 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ, ವಾಂಟೇಜಿನ ಕ್ರೈಸ್ತ ಸಂನ್ಯಾಸಿನಿಯರ ಆಶ್ರಯದಲ್ಲಿದ್ದು, ಕ್ರೈಸ್ತಮತವನ್ನು ಸ್ವೀಕರಿಸಿದರು. 1886ರಲ್ಲಿ ಅಮೇರಿಕೆಗೆ ತೆರಳಿ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಸಿಸಿದರು. ಸ್ತ್ರೀಸಮಾಜವು ಮೊದಲು, ಶಿಶುಶಿಕ್ಷಣವು ಆಮೇಲೆ ಎಂಬ ಈ ಕ್ರಮವು ಗಮನಾರ್ಹವಾದುದು. 1887ರಲ್ಲಿ ಬಾಸ್ಟನ್ ನಗರದಲ್ಲಿ ಹಲವು ಕ್ರೈಸ್ತಸಭೆಗಳ ಜನರು ಕೂಡಿ ರಮಾಬಾಯಿ ಸಂಘವನ್ನು ಕಟ್ಟಿ, ಹತ್ತು ವರ್ಷಗಳ ವರೆಗೆ ಧನಸಹಾಯವನ್ನು ಒಪ್ಪಿಕೊಂಡರು. ಅದರ ಬಲದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು; ಮುಂದಿನ ವರ್ಷ ಅದು ಪುಣೆಗೆ ಬಂದಿತು. ಬಾಲವಿಧವೆಯರು ಅಲ್ಲಿ ಓದಿ, ಇತರರಿಗೆ ಕಲಿಸುವ ಯೋಗ್ಯತೆಯನ್ನು ಪಡೆಯಬೇಕೆಂಬುದು ಅದರ ಉದ್ದೇಶ. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿಯವರು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾದರು.

ಆದರೆ ಅದೇ ವರ್ಷ ಸದನಕ್ಕೆ ದೊಡ್ಡ ಸಂಕಟವೊದಗಿತು. ಯಾರ ಧರ್ಮಕ್ಕೂ ಕೈಹಾಕುವುದಿಲ್ಲವೆಂಬ ವಚನದ ಮೇಲೆ ಆ ಸಂಸ್ಥೆಯು ನಿಂತಿದ್ದಿತು. ಕೆಲವು ವಿದ್ಯಾರ್ಥಿನಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳುವರೆಂಬ ಸುದ್ದಿ ಹಬ್ಬಿದೊಡನೆ ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಸಲಹಾಮಂಡಲದಲ್ಲಿದ್ದ ರಾನಡೆ, ಭಾಂಡಾರಕರ ಮೊದಲಾದವರು ಹಿಂದೆ ಸರಿದರು. ಅನೇಕ ಪಾಲಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಬಾಗಿಲನ್ನು ತೆರೆದಿಡುವೆನೇ ಹೊರತು ಯಾರನ್ನೂ ಒಳಗೆ ಎಳೆಯುವುದಿಲ್ಲವೆಂಬುದು ರಮಾಬಾಯಿಯವರ ನಿಲುವು. ತೆರೆದ ಬಾಗಿಲೂ ಒಂದು ಕರೆಯೇ ಎಂಬುದು ಪಾಲಕರ ಅಂಜಿಕೆ. ಎರಡರಲ್ಲಿಯೂ ಪ್ರಾಮಾಣಿಕತೆಯಿದ್ದಿತು, ಆದರೆ ನಷ್ಟವಾದುದು ಓದನ್ನು ಅರ್ಧಕ್ಕೆ ಬಿಟ್ಟ ಆ ಹುಡುಗಿಯರಿಗೆ.

ಕಾರ್ಯವು ನಿಲ್ಲಲಿಲ್ಲ. ಬರಗಾಲದಲ್ಲಿ ದಿಕ್ಕುಗೆಟ್ಟ ಸ್ತ್ರೀಯರಿಗೂ ಮಕ್ಕಳಿಗೂ ಕೇಡಗಾಂವದ ಮುಕ್ತಿಸದನವು ಆಶ್ರಯವಾಯಿತು. ಅಲ್ಲಿ ನೇಯ್ಗೆ, ಒಕ್ಕಲುತನ, ಮುದ್ರಣ ಮೊದಲಾದ ಕಸಬುಗಳನ್ನು ಕಲಿಸುತ್ತಿದ್ದರು. ರಮಾಬಾಯಿಯವರೂ ಮಗಳು ಮನೋರಮೆಯವರೂ ಕಲಬುರ್ಗಿಯಲ್ಲಿಯೂ ಶಾಲೆಯನ್ನು ತೆರೆದರು. ರಮಾಬಾಯಿಯವರು ಸ್ವರ್ಗಸ್ಥರಾದುದು 1922ರಲ್ಲಿ.

ಕಾಲಾಂತರದಲ್ಲಿ ಈ ಹೊಣೆಯನ್ನು ಸರಕಾರವು ವಹಿಸಿಕೊಂಡಿತು. 1975ರ ಅಕ್ಟೋಬರ್ 2ರಂದು ಅಂಗನವಾಡಿಯ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು. ಕರ್ನಾಟಕದ ಪಾಲಿಗೆ ಅದು ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. 2000–01ರಲ್ಲಿ ಸ್ತ್ರೀಶಕ್ತಿ ಸಂಘಗಳನ್ನು ಕಟ್ಟುವಾಗ ರಾಜ್ಯವು ಆ ಕೆಲಸವನ್ನು ಅಂಗನವಾಡಿಯ ಕಾರ್ಯಕರ್ತೆಯರಿಗೇ ಒಪ್ಪಿಸಿತು. ಕೂಸನ್ನು ಬಿಡಲು ಬಂದ ತಾಯಿಯು ಅಲ್ಲಿಯೇ ಉಳಿತಾಯದ ಲೆಕ್ಕವನ್ನೂ ಕಲಿತಳು.

ಶಿಶುಶಾಲೆಯನ್ನು ಸಭೆಯು ಸಾಕಲಿ, ಸರಕಾರವು ಸಾಕಲಿ. ಅದರ ಅಡಿಗಲ್ಲು ತಾಯಂದಿರ ನಂಬಿಕೆ. ಹಣವು ಕಡಲಾಚೆಯಿಂದಲೂ ಬಂದೀತು. ನಂಬಿಕೆಯು ಮಾತ್ರ ನೆರೆಮನೆಯಿಂದಲೇ ಬರಬೇಕು.