ಎರೆಭೂಮಿಯಲ್ಲಿ ಬೆಳೆಯದ ಅರಿಷಿಣ

ನಮ್ಮ ಅಸೂಟಿಯ ಸುತ್ತಿನ ಎರೆಹೊಲಗಳಲ್ಲಿ ಬಿಳಿಜೋಳ, ಕಡಲೆ, ಗೋಧಿ, ಕುಸುಬೆ, ಹತ್ತಿ ಬಂದಷ್ಟು ಸಹಜವಾಗಿ ಅರಿಷಿಣ ಬರುವುದಿಲ್ಲ. ನೆಟ್ಟ ಮೇಲೆ ಎಂಟೊಂಬತ್ತು ತಿಂಗಳು ನೆಲದಲ್ಲಿರಬೇಕಾದ, ಅಷ್ಟೂ ಕಾಲ ನೀರು ಬೇಡುವ, ಆದರೆ ಬುಡದಲ್ಲಿ ನೀರು ನಿಂತರೆ ಕೊಳೆಯುವ ಬೆಳೆ ಅದು. ಮಳೆಯನ್ನೇ ನಂಬಿದ ರೋಣ ಸೀಮೆಯ ರೈತ ಅದರ ಗೊಡವೆಗೆ ಹೋದದ್ದು ಕಡಿಮೆ. ಹಾಗಿದ್ದರೂ ಅರಿಷಿಣವಿಲ್ಲದ ಅಡುಗೆಮನೆ ಈ ಭಾಗದಲ್ಲಿ ಸಿಗಲಾರದು. ಉಪ್ಪಿನಂತೆ ಅದೂ ನಾವು ಕೊಂಡು ತಂದ ಪದಾರ್ಥ. ಆದ್ದರಿಂದ ಅರಿಷಿಣದ ಇತಿಹಾಸವೆಂದರೆ ನಮ್ಮ ಮಟ್ಟಿಗೆ ಸಂತೆಯ ಇತಿಹಾಸ, ಮಾರುವವನನ್ನು ನಂಬಿದ ಇತಿಹಾಸ.

ಬೆಂಗಳೂರು, ಪುಣೆಗಳಲ್ಲಿ ಸಂಸಾರ ಹೂಡಿರುವ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ದೂರವಾಣಿಯಲ್ಲಿ ಕೇಳುವುದುಂಟು: "ಸರ್, ಅರಿಷಿಣಪುಡಿ ಯಾವುದು ತೊಗೊಬೇಕ್ರಿ?" ಒಂದು ಮಾತಿನಲ್ಲಿ ಉತ್ತರಿಸಲಾಗದ ಪ್ರಶ್ನೆಯಾದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಇತಿಹಾಸದ ಮೇಷ್ಟರ ಅಭ್ಯಾಸ, ಸಹಿಸಿಕೊಳ್ಳಿರಿ.

ಹರಿಯಾಣದ ಫರ್ಮಾನಾ ಎಂಬಲ್ಲಿ ಸಿಂಧೂ ಸಂಸ್ಕೃತಿಯ ಕಾಲದ ಅಡುಗೆ ಪಾತ್ರೆಗಳಿಗೆ ಅಂಟಿದ್ದ ಪಿಷ್ಟದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಸಂಶೋಧಕರು ಅವುಗಳಲ್ಲಿ ಶುಂಠಿ ಮತ್ತು ಅರಿಷಿಣವನ್ನು ಗುರುತಿಸಿದ್ದಾರೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತಿದು. ನಮ್ಮ ನೆಲಕ್ಕೆ ಬಂದರೆ, ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಆಶ್ರಯದಲ್ಲಿ 1025ರ ಸುಮಾರಿಗೆ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೇ ಒಂದು ಭಾಗ ಮೀಸಲಾಗಿದೆ. ಆ ಕಾಲಕ್ಕೆ ಜಯಸಿಂಹನ ಸಹೋದರಿ ಅಕ್ಕಾದೇವಿಯು ನಮ್ಮ ನೆರೆಯ ಸೂಡಿಯನ್ನೊಳಗೊಂಡ ಕಿಸುಕಾಡು ಎಪ್ಪತ್ತನ್ನು ಆಳಿದ ಸಂಗತಿಯನ್ನು ತರಗತಿಯಲ್ಲಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮುಂದೆ ಅದೇ ವಂಶದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಬೇಳೆಯ ಅಡುಗೆಗೆ ಇಂಗು, ಉಪ್ಪುಗಳ ಜೊತೆಗೆ ಅರಿಷಿಣದ ಪುಡಿಯನ್ನು ಹೇಳಿದೆ. ಇಂದಿಗೂ ನಮ್ಮ ಹೆಣ್ಣುಮಕ್ಕಳು ತೊಗರಿಬೇಳೆ ಬೇಯಲಿಟ್ಟಾಗ ಮಾಡುವುದು ಬಹುಮಟ್ಟಿಗೆ ಅದನ್ನೇ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸೋಮೇಶ್ವರನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. 1508ರ ಸುಮಾರಿನ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದ ಕಾಲಕ್ಕೂ ಖಾರಕ್ಕೆ ಕರಿಮೆಣಸೇ ಗತಿ. ಅಮೆರಿಕ ಖಂಡದ ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ದೇಶಕ್ಕೆ ಬಂದುದು ಆ ಶತಮಾನದಲ್ಲಿ. ಬ್ಯಾಡಗಿಯ ಕೆಂಪನ್ನು ನಾವು ಅನಾದಿಯೆಂದು ಭಾವಿಸುತ್ತೇವೆ; ಝುಣಕದ ಹಳದಿ ಅದಕ್ಕಿಂತ ಎಷ್ಟೋ ಹಳೆಯದು.

ಈ ಹಳದಿಯು ಔಷಧವೆಂದೇ ಪೂರ್ವಿಕರು ಅಡುಗೆಗೆ ಸೇರಿಸಿದರು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ನನಗದು ಅರ್ಧ ಸತ್ಯವೆನಿಸುತ್ತದೆ. ಗಾಯಕ್ಕೆ ಅರಿಷಿಣ ಹಚ್ಚುವುದು ನಮ್ಮ ಹಳೆಯ ತಿಳಿವಳಿಕೆಯೆಂಬುದರಲ್ಲಿ ಸಂಶಯವಿಲ್ಲ. ಅದಕ್ಕಾಗಿಯೇ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ದೊರೆತಿದ್ದ ಪೇಟೆಂಟನ್ನು ನಮ್ಮ ಸಿ.ಎಸ್.ಐ.ಆರ್. ಸಂಸ್ಥೆಯು ಹಳೆಯ ಗ್ರಂಥಗಳನ್ನು ಮುಂದಿಟ್ಟು ಪ್ರಶ್ನಿಸಿ, 1997ರಲ್ಲಿ ರದ್ದಾಗುವಂತೆ ಮಾಡಿತು. ಆದರೆ ಸಾರಿಗೆ ಹಾಕುವ ಚಿಟಿಕೆಯ ಮಾತು ಬೇರೆ. ಅರಿಷಿಣದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು. ಅದರಲ್ಲಿಯೂ ದೇಹ ಹೀರಿಕೊಳ್ಳುವುದು ಅತ್ಯಲ್ಪ. ಬಣ್ಣಕ್ಕೆ, ಮಣ್ಣಿನಂಥ ಆ ಘಮಕ್ಕೆ ಹಾಕುತ್ತೇವೆಂದರೆ ಅದೇನೂ ಕಡಿಮೆ ಕಾರಣವಲ್ಲ. ಈ ಬಣ್ಣ ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುತ್ತದೆ. ಚುರುಮರಿಯ ಒಗ್ಗರಣೆಗೆ, ಚಿತ್ರಾನ್ನಕ್ಕೆ ಎಣ್ಣೆಯಲ್ಲಿಯೇ ಅರಿಷಿಣ ಹಾಕುವ ನಮ್ಮ ತಾಯಂದಿರಿಗೆ ರಸಾಯನಶಾಸ್ತ್ರ ಯಾರೂ ಕಲಿಸಿರಲಿಲ್ಲ. ಶೇಂಗಾಹಿಂಡಿಗೆ, ಅಗಸಿಹಿಂಡಿಗೆ ಅದನ್ನು ಹಾಕಬಾರದೆಂಬುದೂ ಅವರಿಗೆ ಗೊತ್ತಿತ್ತು.

ಸಂತೆಯಿಂದ ಬರುತ್ತಿದ್ದುದು ಪುಡಿಯಲ್ಲ, ಕೊಂಬು. ಬೆಳಗಾವಿ, ಬಾಗಲಕೋಟೆ ಕಡೆಯ ನೀರಾವರಿ ಹೊಲಗಳ ಅರಿಷಿಣಕ್ಕೆ ಸಾಂಗ್ಲಿಯೇ ದೊಡ್ಡ ಪೇಟೆ. ಸಾಂಗ್ಲಿ ಬಳಿಯ ಹರಿಪುರದಲ್ಲಿ ಅರಿಷಿಣವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಕಾಯ್ದಿಡುತ್ತಿದ್ದರು. ನಮ್ಮಲ್ಲಿ ಜೋಳ ತುಂಬುತ್ತಿದ್ದ ಹಗೇವುಗಳಂಥವೇ ಅವು. ಗಾಳಿಯಾಡದಲ್ಲಿ ಹುಳು ಬದುಕದು. 2005ರ ಕೃಷ್ಣೆಯ ಮಹಾಪೂರದಲ್ಲಿ ಅವುಗಳಲ್ಲಿ ಅನೇಕ ಹಾಳಾದವು. ಸಾಂಗ್ಲಿ ಅರಿಷಿಣಕ್ಕೆ ಭೌಗೋಳಿಕ ಗುರುತು ದೊರೆತದ್ದು 2018ರಲ್ಲಿ.

ಮನೆಗೆ ಬಂದ ಕೊಂಬನ್ನು ಅವ್ವ ಮೊದಲು ಮುರಿದು ನೋಡುತ್ತಿದ್ದಳು. ಚೆನ್ನಾಗಿ ಕುದಿಸಿ ಒಣಗಿಸಿದ್ದಾದರೆ ಟಕ್ಕೆಂದು ಮುರಿಯಬೇಕು, ಒಳಮೈ ಕೇಸರಿಯಾಗಿ ಮಿನುಗಬೇಕು. ಬಳಿಕ ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟಿ, ಬೀಸುವಕಲ್ಲಿಗೆ ಹಾಕಿ, ಬಟ್ಟೆಯಲ್ಲಿ ಸೋಸುವುದು. ತೋಳು ಸೋಲುವ ಕೆಲಸ. ಆ ದುಡಿಮೆಯನ್ನು ನಾನು ವೈಭವೀಕರಿಸಲಾರೆ. ಗಿರಣಿ ಬಂದದ್ದು, ಪುಡಿಯ ಪೊಟ್ಟಣ ಬಂದದ್ದು ಹೆಂಗಸರ ಪಾಲಿಗೆ ಬಿಡುಗಡೆಯೇ ಸರಿ. ಆದರೆ ಪೊಟ್ಟಣದ ಜೊತೆಗೆ ಮುರಿದು ನೋಡುವ ಅವಕಾಶ ಹೋಯಿತು. ಹಳದಿ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಕೊಳ್ಳುವವರು ತಿಳಿದರು. ಮಾರುವವರಲ್ಲಿ ಕೆಲವರು ಹಳದಿಯನ್ನೇ ಮಾರತೊಡಗಿದರು.

ಸೀಸದ ಕ್ರೋಮೇಟ್ ಎಂಬುದು ಅಪ್ಪಟ ಹಳದಿಯ ಬಣ್ಣ. ಕೊಂಬಿಗೆ ಹೊಳಪು ಕೊಡುವಾಗ ಇದನ್ನು ಸವರುವ ಕೆಟ್ಟ ಚಾಳಿ ಬಾಂಗ್ಲಾದೇಶದಲ್ಲಿ ವ್ಯಾಪಕವಾಗಿದ್ದುದನ್ನು ಸಂಶೋಧಕರು 2019ರಲ್ಲಿ ಬಯಲಿಗೆ ತಂದರು; ಅಲ್ಲಿನ ಸರಕಾರ ಬಿಗಿ ಮಾಡಿದ ಮೇಲೆ ಎರಡೇ ವರ್ಷಗಳಲ್ಲಿ ಅದು ಬಹುತೇಕ ನಿಂತಿತು. 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ನಮ್ಮ ಪಾಟ್ನಾದ ಮಾರುಕಟ್ಟೆಯ ಕೆಲವು ಮಾದರಿಗಳಲ್ಲಿಯೂ ಅಪಾರ ಸೀಸವನ್ನು ಕಂಡಿತು. ಸೀಸವು ಎಳೆಯ ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ; ಆ ಪೆಟ್ಟು ಮಾಯುವಂಥದ್ದಲ್ಲ. ಮೊಮ್ಮಕ್ಕಳಿರುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಡಿಯನ್ನು ನೀರಿಗೆ ಹಾಕಿ ನೋಡುವ ಪರೀಕ್ಷೆ ಕೃತಕ ಬಣ್ಣವನ್ನು ಹಿಡಿಯಬಲ್ಲುದು: ಶುದ್ಧ ಪುಡಿ ತಳಕ್ಕಿಳಿದು ನೀರು ತಿಳಿಹಳದಿಯಾಗುತ್ತದೆ, ಬಣ್ಣ ಬೆರೆತಿದ್ದರೆ ನೀರು ಗಾಢ ಹಳದಿಯಾಗಿಯೇ ಉಳಿಯುತ್ತದೆ. ಆದರೆ ಸೀಸದ ಕ್ರೋಮೇಟ್ ನೀರಿನಲ್ಲಿ ಕರಗದು. ಪುಡಿಯ ಜೊತೆ ತಾನೂ ತಳದಲ್ಲಿ ಕೂತುಬಿಡುತ್ತದೆ. ಇಡೀ ಕೊಂಬಿನಲ್ಲಾದರೆ ಹೊರಗೆ ಸವರಿದ್ದು ನೀರಿಗೆ ಬಿದ್ದೊಡನೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಕೇಳಿದವರಿಗೆಲ್ಲ ನಾನು ಹೇಳುವುದಿಷ್ಟು: ಆದರೆ ಕೊಂಬನ್ನೇ ಕೊಳ್ಳಿರಿ. ಕಣ್ಣಿಗೆ ರಾಚುವಂತೆ ಹೊಳೆಯುವುದು ಬೇಡ, ಮಾಸಲಾಗಿದ್ದರೂ ಚಿಂತೆಯಿಲ್ಲ. ಎರಡನ್ನು ನೀರಿಗೆ ಹಾಕಿ, ಒಂದನ್ನು ಮುರಿದು ನೋಡಿ, ಉಳಿದುದನ್ನು ಬಿಸಿಲಿಗಿಟ್ಟು, ಖಾರ ಕುಟ್ಟಿಸುವ ದಿನವೇ ಗಿರಣಿಯಲ್ಲಿ ಪುಡಿ ಮಾಡಿಸಿರಿ. ಅರ್ಧ ಕಿಲೋ ಮಾಡಿಸಿದರೆ ಸಣ್ಣ ಸಂಸಾರಕ್ಕೆ ಬಹಳ ದಿನ ಸಾಕಾಗುತ್ತದೆ. ಡಬ್ಬಿಯನ್ನು ಕಿಡಕಿಯ ಹತ್ತಿರ ಮಾತ್ರ ಇಡಬೇಡಿರಿ. ಬೆಳಕಿಗೆ ಅದರ ಬಣ್ಣ ಇಳಿಯುತ್ತದೆ.